ದೇವಗಡದ ದೀಪಸ್ತಂಭ

ಕನ್ನಡ ನಾಡಿನ ಪಡುಗಡಲ ತೀರದ ಚರಿತ್ರೆಯನ್ನು ಬರೆದವರು ಅಲ್ಲಿಯ ಕೋಟೆಗಳ ವಿಷಯವಾಗಿಯೂ, ದೇವಾಲಯಗಳ ವಿಷಯವಾಗಿಯೂ, ಪರದೇಶದ ವರ್ತಕರು ಕಟ್ಟಿಕೊಂಡಿದ್ದ ಕೋಠಿಗಳ ವಿಷಯವಾಗಿಯೂ ಬಹಳ ಶ್ರಮಪಟ್ಟಿದ್ದಾರೆ. ಆದರೆ ರಾತ್ರಿಯ ವೇಳೆಯಲ್ಲಿ ಕಡಲಿನ ಕಡೆಯಿಂದ ಆ ತೀರವನ್ನು ಸಮೀಪಿಸುವವನಿಗೆ ಮೊದಲು ಗೋಚರವಾಗುವ ವಸ್ತು ಕೋಟೆಯೂ ಅಲ್ಲ, ಶಿಖರವೂ ಅಲ್ಲ, ದೀಪ. ಸರ್ಕಾರದ ಕಟ್ಟಡಗಳಲ್ಲಿ ಇದೂ ಒಂದು ಎಂಬ ಭಾವನೆಯಿಂದಲೋ ಏನೋ, ದೀಪಸ್ತಂಭಗಳ ಕಡೆಗೆ ಚರಿತ್ರಕಾರರ ಲಕ್ಷ್ಯ ಹೆಚ್ಚಾಗಿ ಹರಿದಿಲ್ಲ. ಉಡುಪಿಯ ಸಮೀಪದ ಕಾಪಿನಲ್ಲಿ 1901ರಲ್ಲಿ ನಿರ್ಮಿತವಾದ ಸ್ತಂಭವು ಕಡಲದಂಡೆಯ ಬಂಡೆಯ ಮೇಲೆಯೇ ಇರುವುದರಿಂದ ಅದನ್ನು ನೋಡದ ಪ್ರವಾಸಿಗಳು ಕಡಮೆ. ಅದಕ್ಕಿಂತ 37 ವರ್ಷ ಹಿರಿದಾದ, ಕಾರವಾರದ ಎದುರಿನ ದೇವಗಡ ದ್ವೀಪದ ಸ್ತಂಭವನ್ನು ಹತ್ತಿರದಿಂದ ಕಂಡವರು ವಿರಳ. ನೆಲದ ಮೇಲಿನ ಜನರಿಗೆ ಅಪರಿಚಿತವಾಗಿ, ನೀರಿನ ಮೇಲಿನ ಜನರಿಗೆ ಮಾತ್ರ ಪರಿಚಿತವಾಗಿ ಅದು ಒಂದೂವರೆ ಶತಮಾನವನ್ನು ಕಳೆದಿದೆ. ಅದು ಹುಟ್ಟಿದ ಕಾಲವನ್ನು ವಿಚಾರಿಸಿದರೆ, ಧಾರವಾಡದ ಹೊಲಗಳಿಂದ ಇಂಗ್ಲೆಂಡಿನ ಗಿರಣಿಗಳವರೆಗೆ ಹಬ್ಬಿದ್ದ ಒಂದು ದೊಡ್ಡ ಆಸೆಯೂ, ಆ ಆಸೆಯ ಭಂಗವೂ ಅದರ ಬೆಳಕಿನಲ್ಲಿ ಕಾಣಬರುತ್ತವೆ.

ಮೊದಲು ಹೆಸರಿನ ವಿಷಯ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೂ ದೇವಗಡವೆಂಬ ಊರುಂಟು. ಅಲ್ಲಿಯ ಕೋಟೆಯಲ್ಲಿಯೂ ಒಂದು ದೀಪಸ್ತಂಭವಿದೆ. ಇವೆರಡನ್ನೂ ಒಂದೆಂದು ಭ್ರಮಿಸಬಾರದು. ಕಾರವಾರದ ದೇವಗಡವು ಕೊಲ್ಲಿಯ ಹೊರಬಾಯಿಯಲ್ಲಿರುವ ಒಂದು ಬಂಡೆಗುಂಪಿನ ಅತ್ಯಂತ ದೊಡ್ಡ ದ್ವೀಪ. ಆ ಗುಂಪನ್ನು ಆಂಗ್ಲ ನಾವಿಕರು ತಮ್ಮ ನಕ್ಷೆಗಳಲ್ಲಿ 'ಆಯ್‌ಸ್ಟರ್ ರಾಕ್ಸ್', ಎಂದರೆ ಸಿಂಪಿಯ ಬಂಡೆಗಳು, ಎಂದು ಗುರುತಿಸಿದರು. ದೀಪದ ಅಧಿಕೃತ ನಾಮವೂ ಇದೇ ಆಗಿರುವುದರಿಂದ, ದೇವರ ಹೆಸರಿನ ಗಡವು ನಾವಿಕರ ಪುಸ್ತಕಗಳಲ್ಲಿ ಸಿಂಪಿಯ ಹೆಸರಿನಿಂದ ಪ್ರಸಿದ್ಧವಾಗಿದೆ. ಇನ್ನು 'ದೀಪಸ್ತಂಭ' ಎಂಬ ಶಬ್ದವು ಕನ್ನಡಿಗರಿಗೆ ಹೊಸದಲ್ಲ; ದೇವಾಲಯದ ಅಂಗಳದಲ್ಲಿ ಉತ್ಸವದ ರಾತ್ರಿ ಎಣ್ಣೆಯ ಹಣತೆಗಳನ್ನು ಹೊತ್ತು ನಿಲ್ಲುವ ಕಲ್ಲುಕಂಬಕ್ಕೆ ಅದು ಬಹುಕಾಲದಿಂದ ಸಲ್ಲುತ್ತಿದ್ದ ಮಾತು. ಗುಡಿಯ ಕಂಬವು ಬಂದವರಿಗಾಗಿ ಬೆಳಗುತ್ತದೆ. ಕಡಲ ಕಂಬವು ಬರುವವರಿಗಾಗಿಯೂ, ಬಾರದೆ ದೂರದಲ್ಲೇ ದಾಟಿಹೋಗುವವರಿಗಾಗಿಯೂ ಬೆಳಗುತ್ತದೆ. ದೇವಗಡದ ವೃತ್ತಾಂತದಲ್ಲಿ ಈ ಭೇದವು ಮುಖ್ಯವಾದುದು.

ಸ್ಥಳದ ಸನ್ನಿವೇಶವನ್ನು ತಿಳಿಯದೆ ದೀಪದ ಪ್ರಯೋಜನವು ತಿಳಿಯುವಂತಿಲ್ಲ. ಕಾಳೀ ನದಿಯು ಸಹ್ಯಾದ್ರಿಯಿಂದಿಳಿದು ಕಡಲನ್ನು ಸೇರುವಲ್ಲಿ ಅದರ ಬಡಗು ದಡದಲ್ಲಿ ಸದಾಶಿವಗಡದ ಗುಡ್ಡವೂ, ತೆಂಕು ದಡದಲ್ಲಿ ಕಾರವಾರದ ಪಟ್ಟಣವೂ ಇವೆ. ಪಟ್ಟಣದ ದಕ್ಷಿಣಕ್ಕೆ ಬೆಟ್ಟದ ಸಾಲೊಂದು ಕಡಲಿನೊಳಕ್ಕೆ ಚಾಚಿ ಭೂಶಿರವಾಗಿದೆ. ನೈಋತ್ಯದ ಮುಂಗಾರು ಗಾಳಿಗೆ ಅದೇ ಗೋಡೆ. ವಾಯವ್ಯದ ಕಡೆ ಕೂರ್ಮಗಡವೇ ಮೊದಲಾದ ದ್ವೀಪಗಳಿವೆ. ಮಾಘ ಫಾಲ್ಗುಣಗಳಿಂದ ಮೊದಲ್ಗೊಂಡು ಚೈತ್ರದವರೆಗೆ ಬಲವಾಗಿ ಬೀಸುವ ವಾಯವ್ಯದ ಗಾಳಿಯ ಕಾಲದಲ್ಲಿ ದೇಶೀಯ ನೌಕೆಗಳು ಇವುಗಳ ಮರೆಯನ್ನು ಆಶ್ರಯಿಸುತ್ತಿದ್ದುವೆಂದು ಗೆಜೆಟಿಯರು ತಿಳಿಸುತ್ತದೆ. ಈ ಎರಡು ರಕ್ಷಣೆಗಳ ಬಲದಿಂದಲೇ ಮುಂಬಯಿಗೂ ಕೊಚ್ಚಿಗೂ ನಡುವೆ ವರ್ಷದ ಎಲ್ಲ ಋತುಗಳಲ್ಲಿಯೂ ನಿರ್ಭಯವಾದ ರೇವು ಕಾರವಾರವೊಂದೇ ಎಂಬ ಖ್ಯಾತಿಯು ಅದಕ್ಕೆ ಬಂದಿತು. ದೇವಗಡವು ಈ ದ್ವೀಪಗಳೆಲ್ಲಕ್ಕೂ ಹೊರಗೆ, ಪಶ್ಚಿಮದಲ್ಲಿ, ಸುಮಾರು 14 ಡಿಗ್ರಿ 49 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ಒಳಕ್ಕೆ ಬರುವ ಹಡಗಿಗೆ ಅದು ಹೆಬ್ಬಾಗಿಲಿನ ಕಂಬ. ಇರುಳಿನಲ್ಲಿ ಅದೇ ಬಂಡೆಯೇ ಅಪಾಯ. ಅದಕ್ಕೆ ಆಗ್ನೇಯದಲ್ಲಿ ಅಂಜದೀವ ದ್ವೀಪವಿದೆ.

ಈ ನೀರಿನಲ್ಲಿ ಹಡಗುಗಳ ಸಂಚಾರವು ದೀಪಕ್ಕಿಂತ ಬಹಳ ಹಳೆಯದು. ವಾಸ್ಕೋ ದ ಗಾಮನು 1498ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಅಂಜದೀವದಲ್ಲಿ ತಂಗಿದ್ದನು. 1505ರಲ್ಲಿ ಆಲ್ಮೇಡನು ಅಲ್ಲಿ ಕೋಟೆಯೊಂದನ್ನು ಕಟ್ಟಿಸಿದನು. 1638ರಲ್ಲಿ, ಸೋದೆಯ ಮೆಣಸಿನ ಕೀರ್ತಿಯನ್ನು ಕೇಳಿ, ವಿಲಿಯಂ ಕೋರ್ಟೀನನ ಕಂಪನಿಯವರು ಕಾರವಾರದಲ್ಲಿ ಕೋಠಿಯನ್ನು ತೆರೆದರು. 1660ರ ಸುಮಾರಿಗೆ ಅಲ್ಲಿಂದ ನವುರಾದ ಮಸ್ಲಿನ್ ಬಟ್ಟೆಯು ಹೇರಳವಾಗಿ ಹೋಗುತ್ತಿದ್ದಿತು; ಅದಕ್ಕಾಗಿ ಹುಬ್ಬಳ್ಳಿಯೇ ಮೊದಲಾದ ಊರುಗಳಲ್ಲಿ 50,000 ಮಂದಿ ನೇಕಾರರು ದುಡಿಯುತ್ತಿದ್ದರೆಂದು ಗೆಜೆಟಿಯರಿನ ಲೆಕ್ಕ. ಇಷ್ಟೊಂದು ವ್ಯಾಪಾರವಿದ್ದರೂ ಆ ಕಾಲದಲ್ಲಿ ಯಾರೂ ಇಲ್ಲಿ ದೀಪವನ್ನು ಹಚ್ಚಿಡಬೇಕೆಂದು ಬಯಸಿದಂತೆ ತೋರುವುದಿಲ್ಲ. ಅದು ಆಶ್ಚರ್ಯವೂ ಅಲ್ಲ. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲೆಂದು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್ನನ ದಂಡು, ಪೋರ್ತುಗೀಜರು ಅದನ್ನು ಬಿಟ್ಟುಕೊಡದ ಕಾರಣ, ಅಂಜದೀವದಲ್ಲಿ ಬೀಡುಬಿಟ್ಟು ರೋಗಕ್ಕೆ ತುತ್ತಾಯಿತು. ಸೇನಾಪತಿಯೂ 1664ರಲ್ಲಿ ತೀರಿಕೊಂಡನು. 1697ರಲ್ಲಿ ಕಪ್ತಾನ ವಿಲಿಯಂ ಕಿಡ್ಡನು ತನ್ನ 'ಅಡ್ವೆಂಚರ್ ಗ್ಯಾಲಿ' ಹಡಗನ್ನು ಕಾರವಾರಕ್ಕೆ ತಂದಾಗ ಅವನ ನಾವಿಕರಲ್ಲಿ ಕೆಲವರು ಓಡಿಹೋದರು; ಕಡಲುಗಳ್ಳರನ್ನು ಹಿಡಿಯಹೊರಟವನು ತಾನೇ ಕಡಲುಗಳ್ಳನಾಗಿರುವನೆಂದು ಕೋಠಿಯವರು ಎಚ್ಚರಿಕೆಯನ್ನು ಬರೆದು ಕಳುಹಿಸಿದರು. ಡಚ್ಚರು, ಮರಾಠರು, ಪೋರ್ತುಗೀಜರು, ಸೋದೆಯ ಅರಸರು, ಎಲ್ಲರ ನೌಕೆಗಳೂ ಸುಳಿಯುತ್ತಿದ್ದ ನೀರಿನಲ್ಲಿ ಬೆಳಕು ಮಿತ್ರನಿಗೆ ದಾರಿ ತೋರುವಷ್ಟೇ ಸುಲಭವಾಗಿ ಶತ್ರುವಿಗೂ ತೋರುತ್ತದೆ. ಕತ್ತಲೆಯೇ ಅಂದಿನ ರೇವುಗಳ ಅಗ್ಗದ ಕೋಟೆಯಾಗಿದ್ದಿತು. ಕಡಲಿನ ಮೇಲೆ ಒಬ್ಬನದೇ ಅಧಿಕಾರವು ನೆಲೆಗೊಂಡ ಮೇಲೆ ಮಾತ್ರ, ಬಂದವರು ಯಾರೇ ಆಗಲಿ ಅವರಿಗೆ ದಾರಿ ತೋರುವ ದೀಪಕ್ಕೆ ಅವಕಾಶವುಂಟಾಗುತ್ತದೆ.

ಹಳೆಯ ಕಾರವಾರದ ಭಾಗ್ಯವು 18ನೆಯ ಶತಮಾನದಲ್ಲಿ ಅಸ್ತಮಿಸಿತು. 1715ರಲ್ಲಿ ಸೋದೆಯ ಅರಸನು ಹಳೆಯ ಕೋಟೆಯನ್ನು ಕೆಡವಿಸಿ ಸದಾಶಿವಗಡವನ್ನು ಕಟ್ಟಿಸಿದನು. 1720ರಲ್ಲಿ ಆಂಗ್ಲರ ಕೋಠಿಯು ಎದ್ದಿತು. 1750ರಲ್ಲಿ ಮತ್ತೆ ತೆರೆದರೂ, 1752ರಲ್ಲಿ ಪೋರ್ತುಗೀಜರು ಸದಾಶಿವಗಡವನ್ನು ಹಿಡಿದುದರಿಂದ ಅದು ಬಹುಕಾಲ ಬಾಳಲಿಲ್ಲ. ಆಮೇಲೆ ಒಂದು ಶತಮಾನದ ಕಾಲ ಇಲ್ಲಿ ಹೇಳಿಕೊಳ್ಳುವಂತಹ ಬಂದರು ಇರಲಿಲ್ಲ. ಬೆಸ್ತರ ಹಳ್ಳಿಗಳ ನೆಲವಾಗಿದ್ದ ಈ ತೀರವನ್ನು ಮತ್ತೆ ಲೋಕದ ಬಾಯಿಗೆ ತಂದುದು ಮೆಣಸೂ ಅಲ್ಲ, ಮಸ್ಲಿನ್ನೂ ಅಲ್ಲ, ಹತ್ತಿ.

ಈ ಹತ್ತಿಯ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಧಾರವಾಡದ ಎರೆನೆಲದ ಹತ್ತಿಯು ಹಿಂದಿನಿಂದಲೂ ಎತ್ತಿನ ಹೇರಾಗಿ ಶಿರಸಿಯ ಮಾರ್ಗದಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಬರುತ್ತಿದ್ದಿತು. ಕುಮಟೆಯು ಹತ್ತಿ ಬೆಳೆಯುವ ಸೀಮೆಯಲ್ಲ. ಆದರೂ ಅಲ್ಲಿಂದ ಹಡಗನ್ನೇರಿದ ಕಾರಣ ಆ ಹತ್ತಿಗೆ 'ಕುಂಪ್ಟಾ' ಎಂಬ ಹೆಸರೇ ಪೇಟೆಯಲ್ಲಿ ನಿಂತಿತು. ಘಟ್ಟದ ಧೂಳನ್ನೂ, ತಂಗುದಾಣಗಳ ಕಸವನ್ನೂ, ಕೆಲವು ವೇಳೆ ವರ್ತಕನು ತೂಕಕ್ಕೆಂದು ಸೇರಿಸಿದ ಮಣ್ಣನ್ನೂ ಹೊತ್ತು ಬಂದ ಅರಳೆಯು ಪತ್ತೆಮಾರಿಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿ ಅಂಡಿಗೆಯಾಗಿ ಒತ್ತಲ್ಪಟ್ಟು, ಬಳಿಕ ಲಿವರ್‌ಪೂಲಿಗೆ ಪ್ರಯಾಣ ಮಾಡುತ್ತಿದ್ದಿತು. ಕುಮಟೆಯ ರೇವು ಬಯಲು ರೇವು. ಮುಂಗಾರು ಬಂದರೆ ಮುಚ್ಚಿತೆಂದೇ ಲೆಕ್ಕ. 1840ರ ದಶಕದಲ್ಲಿ ಸರ್ಕಾರದವರು ಅಮೆರಿಕದ ಹತ್ತಿಯ ಬೀಜವನ್ನು ಧಾರವಾಡದ ಸೀಮೆಯಲ್ಲಿ ಬಿತ್ತಿಸಿದರು. 'ಧಾರವಾಡ-ಅಮೆರಿಕನ್' ಎಂಬ ಆ ಹತ್ತಿಯು ಉಳಿದ ಎಡೆಗಳಲ್ಲಿ ಸೋತರೂ ಇಲ್ಲಿ ನೆಲೆಗೊಂಡಿತು. ಲ್ಯಾಂಕಷೈರಿನ ಗಿರಣಿಗಳವರ ಕಣ್ಣು ಧಾರವಾಡದ ಮೇಲೆ ಬೀಳಲು ಇದೇ ಕಾರಣ. ಅವರಿಗೆ ಬೇಕಾದ ಜಾತಿಯ ಹತ್ತಿಯು ಇಲ್ಲಿದ್ದಿತು. ಅದನ್ನು ಶುದ್ಧವಾಗಿ ಒತ್ತಿ ನೇರವಾಗಿ ದೊಡ್ಡ ಹಡಗಿಗೆ ತುಂಬುವ ಬಂದರು ಮಾತ್ರ ಇರಲಿಲ್ಲ.

ಆ ಬಂದರನ್ನು ಅವರು ಕಾಳೀ ನದಿಯ ಮುಖದಲ್ಲಿ ಕಂಡರು. ಅಂದಿನ ಆಂಗ್ಲ ಪತ್ರಗಳಲ್ಲಿ 'ಸೆದಾಷೆಗರ್' ಎಂದು ವಿಕೃತವಾಗಿ ಬರುವ ಹೆಸರು ಸದಾಶಿವಗಡದ್ದೇ. 1860ರಲ್ಲಿ ಸ್ಥಾಪಿತವಾದ ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಈ ಸ್ಥಳದಲ್ಲಿ ಹತ್ತಿಯೊತ್ತುವ ಯಂತ್ರಗಳನ್ನು ನಿಲ್ಲಿಸಲು ನಿಶ್ಚಯಿಸಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಗಿ, ದಕ್ಷಿಣ ಸಂಸ್ಥಾನಗಳ ರೇವುಗಳು ಮುತ್ತಿಗೆಗೊಳಗಾಗಿ, ಇಂಗ್ಲೆಂಡಿಗೆ ಹತ್ತಿಯು ಬರುವುದು ನಿಂತುಹೋದಾಗ, ಇದು ವರ್ತಕರ ಯೋಜನೆಯಾಗಿ ಮಾತ್ರ ಉಳಿಯದೆ ರಾಜ್ಯಕಾರ್ಯವಾಯಿತು. ಕಂಪನಿಯ ಕಾರ್ಯದರ್ಶಿಯಾದ ಹೇವುಡ್ ಎಂಬಾತನು ಸ್ವತಃ ಬಂದು ನೋಡಿದನು. ಯಂತ್ರಗಳು ಬಂದರೂ ಘಟ್ಟದ ರಸ್ತೆಯು ಮುಗಿದಿರಲಿಲ್ಲ. ಅದಕ್ಕೆ ಯಾರು ಹೊಣೆ ಎಂಬ ವಿಷಯದಲ್ಲಿ ಮ್ಯಾಂಚೆಸ್ಟರಿನವರಿಗೂ ಹಿಂದೂಸ್ಥಾನದ ಮಂತ್ರಿಯಾಗಿದ್ದ ಸರ್ ಚಾರ್ಲ್ಸ್ ವುಡ್ಡನಿಗೂ ದೊಡ್ಡ ವಾಗ್ವಾದವೇ ನಡೆಯಿತು. ತಾವು ಉಡುವ ಬಟ್ಟೆಗೆ ಬೇಕಾದ ನೂಲು ಎಲ್ಲಿಂದ ಬರಬೇಕೆಂಬ ವಾದವು ಕಾರವಾರದ ರಸ್ತೆಯನ್ನು ಹಿಡಿದು ಲಂಡನ್ನಿನಲ್ಲಿ ನಡೆದುದನ್ನು ಕಾರವಾರದ ಜನರು ಬಹುಶಃ ಕೇಳಿಯೇ ಇರಲಿಲ್ಲ.

ಇಲ್ಲಿ ಇನ್ನೊಂದು ತೊಡಕಿದ್ದಿತು. ಹತ್ತಿ ಬೆಳೆಯುವ ಧಾರವಾಡವು ಮುಂಬಯಿ ಇಲಾಖೆಗೆ ಸೇರಿದುದು. ಹತ್ತಿ ಇಳಿಯಬೇಕಾದ ಕಾರವಾರವು ಮದರಾಸು ಇಲಾಖೆಗೆ ಸೇರಿದುದು. ಮದರಾಸಿನ ಸರ್ಕಾರಕ್ಕೆ ತನ್ನ ಬಡಗಣ ಅಂಚಿನ ಒಂದು ರೇವಿಗಾಗಿ ಲಕ್ಷಗಟ್ಟಲೆ ವ್ಯಯ ಮಾಡುವುದರಲ್ಲಿ ಉತ್ಸಾಹವಿಲ್ಲದಿದ್ದುದು ಸಹಜವೇ. ಈ ತೊಡಕನ್ನು ನಿವಾರಿಸುವುದಕ್ಕಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಕನ್ನಡನಾಡಿನ ಕರಾವಳಿಯು 1956ರವರೆಗೆ ಎರಡು ಇಲಾಖೆಗಳಲ್ಲಿ ಹರಿದುಹಂಚಿಹೋಗಿದ್ದುದಕ್ಕೆ ಒಂದು ದೊಡ್ಡ ಕಾರಣವು ಹತ್ತಿಯ ಅಂಡಿಗೆಯೆಂಬುದನ್ನು ಮರೆಯಲಾಗದು. ಜಿಲ್ಲೆಯು ಕೈಬದಲಾದ ಎರಡು ವರ್ಷಗಳಲ್ಲಿ, ಎಂದರೆ 1864ರಲ್ಲಿ, ದೇವಗಡದ ಮೇಲೆ ದೀಪವು ಹತ್ತಿತು.

ಈ ಇಸವಿಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿರಿಸಿ ನೋಡಿದರೆ ದೀಪವು ಯಾರ ಕಣ್ಣಿಗಾಗಿ ಹುಟ್ಟಿತೆಂಬುದು ವ್ಯಕ್ತವಾಗುತ್ತದೆ. ಕುಮಟೆ, ಹೊನ್ನಾವರಗಳ ಪತ್ತೆಮಾರಿಗಳನ್ನು ನಡೆಸುತ್ತಿದ್ದ ತಾಂಡೇಲನಿಗೆ ದೇವಗಡದ ದೀಪವು ಅಷ್ಟೊಂದು ಅವಶ್ಯವಾಗಿರಲಿಲ್ಲ. ಅವನು ಗುಡ್ಡದ ಆಕಾರವನ್ನೂ, ನೀರಿನ ಬಣ್ಣವನ್ನೂ, ಬುಡಗುಂಡಿಗೆ ಅಂಟಿಬಂದ ಕೆಸರನ್ನೂ, ನಕ್ಷತ್ರಗಳನ್ನೂ ನೋಡಿ ತೀರವನ್ನು ತಿಳಿಯುತ್ತಿದ್ದನು. ಮುಂಗಾರಿನಲ್ಲಿ ಹಡಗನ್ನು ದಡಕ್ಕೆಳೆದು ಮಡಲಿನಿಂದ ಮುಚ್ಚುತ್ತಿದ್ದನು. ಲಿವರ್‌ಪೂಲಿನಿಂದ ಹೊರಟು ಆಫ್ರಿಕದ ತುದಿಯನ್ನು ಸುತ್ತಿ ಬಂದು, ಇದುವರೆಗೆ ಕಾಣದ ತೀರದಲ್ಲಿ ನಡುರಾತ್ರಿಯಲ್ಲಿ ರೇವನ್ನು ಹುಡುಕುವ ಕಪ್ತಾನನಿಗೆ ಈ ಯಾವ ಜ್ಞಾನವೂ ಇಲ್ಲ. ಅವನಿಗೆ ನಕ್ಷೆಯೂ, ನಕ್ಷೆಯಲ್ಲಿ ಬರೆದ ಸ್ಥಳದಲ್ಲಿ ತಪ್ಪದೆ ಉರಿಯುವ ದೀಪವೂ ಬೇಕು. ತಾಂಡೇಲನ ನೆನಪಿನಲ್ಲಿದ್ದ ಕರಾವಳಿಯು ಕಾಗದದ ಮೇಲಕ್ಕೆ ಬಂದ ಕಾಲದ ಗುರುತು ಈ ಸ್ತಂಭ.

ದೀಪದ ಸ್ವರೂಪವನ್ನು ಕುರಿತು ಗೆಜೆಟಿಯರಿನಲ್ಲಿರುವ ಎರಡು ಅಂಕಿಗಳು ಪರಿಶೀಲನಾರ್ಹವಾಗಿವೆ. ದೀಪದ ಎತ್ತರವು ಸಮುದ್ರಮಟ್ಟದಿಂದ 210 ಅಡಿ. ಅದು ಕಾಣಿಸುವ ದೂರವು 20 ಮೈಲಿ. ಎತ್ತರದ ಬಹುಭಾಗವನ್ನು ದ್ವೀಪದ ಗುಡ್ಡವೇ ಒದಗಿಸಿರುವುದರಿಂದ ಸುತ್ತಾದ ಬಿಳಿಯ ಗೋಪುರವು ಬಹಳ ಉನ್ನತವಾಗಿರಬೇಕಾದ ಅಗತ್ಯವಿರಲಿಲ್ಲ. 20 ಮೈಲಿಯೆಂಬುದು ದೀಪದ ಉಜ್ವಲತೆಗೆ ಕಟ್ಟಿದ ಬೆಲೆಯೆಂದು ಮೇಲುನೋಟಕ್ಕೆ ತೋರುತ್ತದೆ, ಅದು ಹಾಗಲ್ಲ. ಭೂಮಿಯು ಗೋಲವಾಗಿರುವುದರಿಂದ ಎಷ್ಟೇ ಪ್ರಖರವಾದ ದೀಪವೂ ಒಂದು ದೂರದಾಚೆಗೆ ದಿಗಂತದ ಕೆಳಗಾಗುತ್ತದೆ. ದೀಪದ ಎತ್ತರವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.17ರಿಂದ ಗುಣಿಸಿದರೆ ಆ ದೂರವು ಕಡಲಮೈಲಿಗಳಲ್ಲಿ ದೊರೆಯುತ್ತದೆಂಬುದು ನಾವಿಕರ ಸೂತ್ರ. 210ಕ್ಕೆ ಇದು ಸುಮಾರು 17 ಮೈಲಿಯಾಗುತ್ತದೆ. ನೋಡುವವನ ಕಣ್ಣು ನೀರಿನಿಂದ 7 ಅಡಿ ಮೇಲಿದ್ದರೆ ಅವನ ಪಾಲಿಗೆ ಇನ್ನೂ 3 ಮೈಲಿ ಸೇರಿ 20 ಆಗುತ್ತದೆ. ಗೆಜೆಟಿಯರಿನ ಮೈಲಿಯು ಕಡಲಮೈಲಿಯೆಂದಾದರೆ, ಅದರ ಲೆಕ್ಕವು ಸಣ್ಣ ನೌಕೆಯ ಮೇಲೆ ನಿಂತವನ ದೃಷ್ಟಿಗೆ ಸರಿಹೋಗುತ್ತದೆ; 30 ಅಡಿ ಎತ್ತರದ ಅಟ್ಟದ ಮೇಲಿರುವ ಕಪ್ತಾನನಿಗೆ ಅದೇ ದೀಪವು 23 ಮೈಲಿಯಿಂದಲೇ ಕಾಣಬೇಕು. ಈ ತ್ರಿಜ್ಯವನ್ನು ನಕ್ಷೆಯ ಮೇಲೆ ಎಳೆದರೆ, ದಕ್ಷಿಣಕ್ಕೆ ಗಂಗಾವಳಿಯ ಮುಖದ ಎದುರಿನ ಕಡಲೂ, ಉತ್ತರಕ್ಕೆ ಗೋವೆಯ ಕಾಬೊ ದ ರಾಮ ಭೂಶಿರದ ಎದುರಿನ ಕಡಲೂ ಅದರೊಳಗೆ ಬೀಳುತ್ತವೆ. ಆಂಗ್ಲರ ಎಣ್ಣೆಯಿಂದ ಉರಿದ ದೀಪವು ಪೋರ್ತುಗೀಜರ ನೀರನ್ನೂ ಬೆಳಗುತ್ತಿದ್ದಿತು.

ಬೆಳಕನ್ನು ದಿಗಂತದವರೆಗೆ ಕೊಂಡೊಯ್ಯುವ ಉಪಾಯವು ಆಗ ಹಳೆಯದಾಗಿರಲಿಲ್ಲ. ಫ್ರಾನ್ಸಿನ ಆಗಸ್ಟೀನ್ ಫ್ರೆನೆಲ್ಲನು ದಪ್ಪನಾದ ಒಂದೇ ಗಾಜಿನ ಮಸೂರಕ್ಕೆ ಬದಲಾಗಿ ಗಾಜಿನ ಉಂಗುರಗಳನ್ನೂ ಪಟ್ಟಕಗಳನ್ನೂ ಹಂತಹಂತವಾಗಿ ಜೋಡಿಸಿ, ಎಲ್ಲ ದಿಕ್ಕಿಗೂ ಚೆದರಿಹೋಗುವ ಕಿರಣಗಳನ್ನು ಮಟ್ಟಸವಾದ ಒಂದು ಪಟ್ಟಿಯನ್ನಾಗಿ ಮಾಡುವ ವಿಧಾನವನ್ನು ಕಂಡುಹಿಡಿದಿದ್ದನು. 1823ರಲ್ಲಿ ಕಾರ್ದುವಾನಿನ ಸ್ತಂಭದಲ್ಲಿ ಅದು ಮೊದಲು ಬೆಳಗಿತು. ಈ ವಿಧಾನದಲ್ಲಿ ಬತ್ತಿಯು ಚಿಕ್ಕದಾದರೂ ಬೆಳಕು ವ್ಯರ್ಥವಾಗುವುದಿಲ್ಲ. ಆದರೆ ಗಾಜಿನ ಮೇಲೆ ಒಂದು ತೆಳ್ಳನೆಯ ಮಸಿಯ ಪೊರೆ ಹಿಡಿದರೂ ಇಡೀ ಉಪಾಯವು ಕೆಡುತ್ತದೆ. ಆದುದರಿಂದ ಅಂದಿನ ದೀಪದವರ ಕೆಲಸವು ಹಚ್ಚುವುದಕ್ಕಿಂತ ಹೆಚ್ಚಾಗಿ ಒರೆಸುವುದೇ ಆಗಿದ್ದಿತು. ಹಗಲೆಲ್ಲ ಗಾಜನ್ನು ತಿಕ್ಕುವುದು, ಬತ್ತಿಯ ಕುಡಿಯನ್ನು ಸಮನಾಗಿ ಕತ್ತರಿಸುವುದು, ಎಣ್ಣೆಯನ್ನು ಅಳೆದು ತುಂಬುವುದು. ಇರುಳೆಲ್ಲ ಸರದಿಯ ಮೇಲೆ ಎದ್ದಿದ್ದು ಜ್ವಾಲೆಯು ಹೆಚ್ಚದಂತೆಯೂ ಕುಗ್ಗದಂತೆಯೂ ಕಾಯುವುದು. ಆಷಾಢ ಶ್ರಾವಣಗಳಲ್ಲಿ ದೋಣಿಯನ್ನು ಬಂಡೆಗೆ ಹೊಂದಿಸಲಾಗದ ದಿನಗಳಲ್ಲಿ ಈ ಜನರಿಗೆ ಪಟ್ಟಣದ ದೀಪಗಳು ಕಾಣಿಸಿದರೂ ಪಟ್ಟಣವು ದೂರವೇ. ಕೋಟೆಯನ್ನು ಕಾದವರ ಹೆಸರುಗಳು ಶಾಸನಗಳಲ್ಲಿ ಉಳಿದುವು. ದೀಪವನ್ನು ಕಾದವರಿಗೆ ವೀರಗಲ್ಲು ಯಾರು ನೆಡಬೇಕು?

ಅದೇ ಗೆಜೆಟಿಯರು ಕಾರವಾರದಲ್ಲಿ ಇನ್ನೊಂದು ದೀಪವಿದ್ದುದನ್ನೂ ಹೇಳುತ್ತದೆ. ದೊಡ್ಡ ದೀಪದ ಪ್ರಭೆಯಲ್ಲಿ ಈ ಮಾತನ್ನು ಓದುಗರು ಗಮನಿಸದೆ ದಾಟಿಬಿಡುವ ಸಂಭವವುಂಟು. ಬಂದರಿನ ಕಛೇರಿಯ ಮುಂದೆ 60 ಅಡಿ ಎತ್ತರದ ಧ್ವಜಸ್ತಂಭವೊಂದಿದ್ದಿತು. ಅದರ ಮೇಲೆ ಒಂದು ಕೆಂಪು ಹಡಗುದೀಪವನ್ನು ಏರಿಸುತ್ತಿದ್ದರು. ಅದು 3 ಮೈಲಿಯವರೆಗೆ ಕಾಣುತ್ತಿದ್ದಿತು. ಈ ಎರಡು ದೀಪಗಳ ಅರ್ಥವು ಬೇರೆಬೇರೆ. 20 ಮೈಲಿಯ ಬಿಳಿಯ ದೀಪವು 'ಇದು ಕಾರವಾರ, ಇಲ್ಲಿ ಬಂಡೆಯಿದೆ' ಎಂದು ಹೇಳುತ್ತದೆ. ಅದನ್ನು ಕಂಡವನು ಬಂದರೂ ಸರಿ, ದೂರ ಸರಿದುಹೋದರೂ ಸರಿ, ದೀಪದ ಕೆಲಸ ಮುಗಿಯಿತು. 3 ಮೈಲಿಯ ಕೆಂಪು ದೀಪವಾದರೋ ಒಳಕ್ಕೆ ಬಂದವನಿಗೆ ಲಂಗರಿನ ಸ್ಥಳವನ್ನು ತೋರಿಸತಕ್ಕದ್ದು. ಬಂದರಿನ ಐಶ್ವರ್ಯವನ್ನು ಅಳೆಯಬೇಕಾದರೆ ಕೆಂಪು ದೀಪದ ಕೆಳಗೆ ಎಷ್ಟು ಹಡಗುಗಳು ನಿಂತುವೆಂದು ಎಣಿಸಬೇಕೇ ಹೊರತು ಬಿಳಿಯ ದೀಪದ ಎತ್ತರವನ್ನಲ್ಲ. ಧ್ವಜಸ್ತಂಭದ ಕೆಂಪು ದೀಪಕ್ಕೆ ತಕ್ಕ ಭಾಗ್ಯವು ಕಾರವಾರಕ್ಕೆ ಬರಲೇ ಇಲ್ಲ.

ದೀಪವು ಹತ್ತಿದ ಮರುವರ್ಷವೇ, 1865ರಲ್ಲಿ, ಅಮೆರಿಕದ ಯುದ್ಧವು ಮುಗಿಯಿತು. ಹತ್ತಿಯ ಬೆಲೆಯು ಕುಸಿಯಿತು. ಅದರೊಡನೆ ಮುಂಬಯಿಯ ಅನೇಕ ವರ್ತಕ ಮನೆತನಗಳೂ ಕುಸಿದುವು. ಕಾರವಾರದ ಆಸೆಯು ಒಮ್ಮೆಗೇ ಅಳಿಯಲಿಲ್ಲ. ಘಟ್ಟದ ರಸ್ತೆಗಳು ನಡೆದುವು, ಪಟ್ಟಣವು ಜಿಲ್ಲೆಯ ಮುಖ್ಯಸ್ಥಾನವಾಯಿತು, ಹತ್ತಿಯೂ ಕೆಲಮಟ್ಟಿಗೆ ಬಂದಿತು. ಎಲ್ಲರ ದೃಷ್ಟಿಯೂ ಹುಬ್ಬಳ್ಳಿಯಿಂದ ಸುಮಾರು 100 ಮೈಲಿಯ ರೈಲು ಮಾರ್ಗದ ಮೇಲಿದ್ದಿತು. ಅದು ಬಂದರೆ ಬಂದರು. ಬಾರದಿದ್ದರೆ ಬರಿಯ ದೀಪ. ಆ ಮಾರ್ಗವನ್ನು ಕುರಿತ ವಿಚಾರಗಳು ನಡೆಯುತ್ತಿದ್ದಂತೆಯೇ 1878ರಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ರೈಲನ್ನು ಗೋವೆಯ ಮೂಲಕ ಕಡಲಿಗೆ ಕೊಂಡೊಯ್ಯುವುದೆಂದು ನಿಶ್ಚಯವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. 1888ರಲ್ಲಿ ಕ್ಯಾಸಲ್‌ರಾಕಿನ ಘಟ್ಟವನ್ನಿಳಿದು ಮರ್ಮಗೋವೆಯನ್ನು ಸೇರುವ ಮಾರ್ಗವು ತೆರೆಯಿತು. ಧಾರವಾಡದ ಹತ್ತಿಯು ಆ ಮಾರ್ಗವನ್ನು ಹಿಡಿಯಿತು. ಹೊಸ ರೈಲಿನಿಂದ ಕಾರವಾರದ ವ್ಯಾಪಾರವು ಕುಗ್ಗಿದುದನ್ನು ಗೆಜೆಟಿಯರು ಸ್ಪಷ್ಟವಾಗಿಯೇ ಒಪ್ಪುತ್ತದೆ. ಯಾವ ಹತ್ತಿಗಾಗಿ ಒಂದು ಜಿಲ್ಲೆಯನ್ನೇ ಇಲಾಖೆಯಿಂದ ಇಲಾಖೆಗೆ ಸಾಗಿಸಿದ್ದರೋ ಆ ಹತ್ತಿಯು ಕೊನೆಗೆ ಪರರಾಜ್ಯದ ಬಂದರಿನಿಂದ ಹಡಗೇರಿತು. ತೆಂಕಣಿಂದ ಮರ್ಮಗೋವೆಗೆ ಹೋಗುವ ಹಡಗುಗಳಿಗೆ ದಾರಿ ತೋರುವ ಭಾಗ್ಯವು ಮಾತ್ರ ದೇವಗಡದ ದೀಪಕ್ಕೆ ಉಳಿಯಿತು.

ಕಡಲಿನ ದಾರಿಗಳೂ ಬದಲಾದುವು. 1869ರಲ್ಲಿ ಸೂಯೆಜ್ ಕಾಲುವೆಯು ತೆರೆದ ಮೇಲೆ ಯೂರೋಪಿನ ಹಡಗುಗಳು ಏಡನ್ನಿನಿಂದ ನೇರವಾಗಿ ಮುಂಬಯಿಗೋ, ಕೊಲಂಬೊವಿಗೋ ಸಾಗತೊಡಗಿದುವು. ಕೊಲಂಬೊವಿನ ದಾರಿಗಾಗಿ 1885ರಲ್ಲಿ ಮಿನಿಕಾಯ್ ದ್ವೀಪದಲ್ಲಿ ಮಹಾಸ್ತಂಭವೊಂದು ಎದ್ದಿತು. ದೇವಗಡವು ಹೀಗೆ ಮಹಾಮಾರ್ಗದಿಂದ ದೂರವಾಗಿ, ಮುಂಬಯಿಯಿಂದ ಮಂಗಳೂರು ಕೊಚ್ಚಿಗಳ ಕಡೆಗೆ ತೀರವನ್ನನುಸರಿಸಿ ಹೋಗುವ ಹಡಗುಗಳ ದೀಪವಾಯಿತು. ಈ ನಡುಗಾಲದ ಕಾರವಾರವು ಶಾಂತವಾದ ಊರು. 1883ರಲ್ಲಿ ರವೀಂದ್ರನಾಥ ಠಾಕೂರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದಿದ್ದು, 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದುದು ಈ ಶಾಂತಿಯ ಫಲವೇ ಸರಿ. ಲಿವರ್‌ಪೂಲಿನವರು ಬಯಸಿದ ಬಂದರು ಸಿದ್ಧಿಸಿ, ಯಂತ್ರಗಳ ಹೊಗೆಯೂ ಹಮಾಲರ ಕೂಗೂ ತುಂಬಿದ್ದರೆ ಆ ದಂಡೆಯು 22 ವರ್ಷದ ಕವಿಗೆ ಅಷ್ಟು ಹಿಡಿಸುತ್ತಿದ್ದಿತೋ ಇಲ್ಲವೋ.

ದೀಪದ ಆಡಳಿತದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಮೊದಲು ದೀಪಗಳ ಭಾರವು ಪ್ರಾಂತ ಸರ್ಕಾರಗಳ ಮೇಲೆಯೂ ಬಂದರುಗಳ ಮೇಲೆಯೂ ಇದ್ದಿತು. 1927ರ ಭಾರತೀಯ ದೀಪಸ್ತಂಭ ಶಾಸನವು 1929ರಲ್ಲಿ ಆಚರಣೆಗೆ ಬಂದು, ಎಲ್ಲ ಹಡಗುಗಳಿಗೂ ಉಪಯುಕ್ತವಾದ ಸಾಮಾನ್ಯ ದೀಪಗಳನ್ನೂ ಒಂದು ಬಂದರಿಗೆ ಮಾತ್ರ ಸಂಬಂಧಿಸಿದ ಸ್ಥಳೀಯ ದೀಪಗಳನ್ನೂ ಬೇರ್ಪಡಿಸಿ, ಸಾಮಾನ್ಯ ದೀಪಗಳನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಿತು. ಅವುಗಳ ವೆಚ್ಚಕ್ಕಾಗಿ ಬಂದರಿಗೆ ಬರುವ ಹಡಗುಗಳಿಂದ ದೀಪಸುಂಕವನ್ನು ಎತ್ತುವರು; ಚಿಕ್ಕ ನೌಕೆಗಳಿಗೆ ಅದರಿಂದ ವಿನಾಯಿತಿಯುಂಟು. ಕಾರವಾರದ ಬಿಳಿಯ ದೀಪಕ್ಕೂ ಕೆಂಪು ದೀಪಕ್ಕೂ ಇದ್ದ ಭೇದವನ್ನೇ ಶಾಸನವು ಹೀಗೆ ತತ್ತ್ವವಾಗಿ ಅಂಗೀಕರಿಸಿದಂತಾಯಿತು. ಬೆಲೆ ಕೊಡುವವನು ದೂರದ ಹಡಗಿನವನು. ಬೆಲೆಯಿಲ್ಲದೆ ಪ್ರಯೋಜನ ಪಡೆಯುವವನು ಹತ್ತಿರದ ಬೆಸ್ತನು. 1864ರಲ್ಲಿ ಯಾರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೋ ಅವನೇ ದೀಪದ ನಿತ್ಯದ ಫಲಾನುಭವಿಯಾದನು. 1927ರ ಶಾಸನದ ಸ್ಥಾನದಲ್ಲಿ 2021ರಲ್ಲಿ ನೌಕಾಸಂಚಾರ ಸಹಾಯಸಾಧನಗಳ ಹೊಸ ಶಾಸನವು ಬಂದಿತು.

ಕಾರವಾರದ ಬಂದರಿನ ಆಸೆಯು ಇಪ್ಪತ್ತನೆಯ ಶತಮಾನದಲ್ಲಿಯೂ ಆಗಾಗ ಚಿಗುರಿತು. ಕಡಲತೀರವೇ ಇಲ್ಲದ ಮೈಸೂರು ಸಂಸ್ಥಾನವು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಕಾಲದಲ್ಲಿ, ಇದೇ ಜಿಲ್ಲೆಯ ಭಟ್ಕಳದಲ್ಲಿ ಬಂದರನ್ನು ಪಡೆಯಲು ಯತ್ನಿಸಿದುದುಂಟು, ಅದು ಕೈಗೂಡಲಿಲ್ಲ. 1956ರ ನವೆಂಬರ್ 1ರಂದು ಉತ್ತರ ಕನ್ನಡವು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ದೇವಗಡವೂ ಕನ್ನಡದ ರಾಜ್ಯಕ್ಕೆ ಬಂದಿತು. ಅದರ ನೆರೆಯ ಅಂಜದೀವವಾದರೋ ಪೋರ್ತುಗೀಜರ ಕೈಯಲ್ಲಿಯೇ ಇದ್ದು, 1961ರ ಡಿಸೆಂಬರ್ 18ರಂದು ಭಾರತದ ನೌಕಾದಳದವರು 'ತ್ರಿಶೂಲ್' ಮತ್ತು 'ಮೈಸೂರು' ಎಂಬ ಯುದ್ಧನೌಕೆಗಳಿಂದ ಅದರ ಮೇಲೆ ಕಾರ್ಯಾಚರಣೆ ನಡೆಸಿ, ಏಳು ಮಂದಿಯನ್ನು ಕಳೆದುಕೊಂಡು, ಗೆದ್ದರು. ಮುಂದೆ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಘಟ್ಟವನ್ನಿಳಿದು ಕಾರವಾರಕ್ಕೂ ಬೇಲೆಕೇರಿಗೂ ಬಂದಿತು. 2010ರಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿದುದರಿಂದ ಆ ಸಡಗರವೂ ನಿಂತಿತು. 1998ರಲ್ಲಿ ಕೊಂಕಣ ರೈಲ್ವೆಯು ಪೂರ್ಣವಾಗಿ, ಕಾರವಾರವು ಕೊನೆಗೂ ರೈಲನ್ನು ಕಂಡಿತು. ಆದರೆ ಅದು ತೀರದುದ್ದಕ್ಕೂ ಹೋಗುವ ರೈಲು. ಘಟ್ಟವನ್ನೇರಿ ಹುಬ್ಬಳ್ಳಿಗೆ ಹೋಗುವ ಮಾರ್ಗವು, ಈ ಸಲ ಅಂಕೋಲೆಯ ಹೆಸರಿನಿಂದ, ಅರಣ್ಯಸಂರಕ್ಷಣೆಯ ವಿವಾದದಲ್ಲಿ ಸಿಕ್ಕಿ ದಶಕಗಳನ್ನೇ ಕಳೆಯಿತು. 1860ರ ದಶಕದಲ್ಲಿ ರಸ್ತೆಯಿಲ್ಲದೆ ಕಾದ ಯಂತ್ರಗಳ ಕಥೆಯು ನೆನಪಾಗದೆ ಇರದು.

ಕೊನೆಗೆ ಈ ಕೊಲ್ಲಿಯ ಗುಣವನ್ನು ಮನಗಂಡು ಬಂದವರು ವರ್ತಕರಲ್ಲ. 1986ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದ ನೌಕಾನೆಲೆಯು 'ಐ.ಎನ್.ಎಸ್. ಕದಂಬ' ಎಂಬ ಹೆಸರಿನಿಂದ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಅದರ ಅಲೆತಡೆಯ ಕಟ್ಟೆಯು ಅಂಜದೀವವನ್ನು ನೆಲಕ್ಕೆ ಜೋಡಿಸಿಬಿಟ್ಟಿದೆ. ವಾಸ್ಕೋ ದ ಗಾಮನು ಕಂಡ ದ್ವೀಪವು ದ್ವೀಪವಾಗಿ ಉಳಿದಿಲ್ಲ. ದೇವಗಡವು ಮಾತ್ರ ನೀರಿನಿಂದ ಸುತ್ತುವರಿದೇ ಇದೆ. ಅಲ್ಲಿಯ ಸ್ಥಿರವಾದ ದೀಪವು ಕಾಲಾಂತರದಲ್ಲಿ ಮಿಂಚುವ ದೀಪವಾಗಿ ಬದಲಾಯಿತು. ತೀರದ ಊರುಗಳಲ್ಲಿ ವಿದ್ಯುದ್ದೀಪಗಳು ಹೆಚ್ಚಿದಂತೆ ಅಲುಗದೆ ಉರಿಯುವ ಒಂಟಿ ಬೆಳಕನ್ನು ದೀಪಸ್ತಂಭವೆಂದು ಗುರುತಿಸುವುದೇ ಕಷ್ಟವಾಗುತ್ತದೆ. ಗೊತ್ತಾದ ಅವಧಿಗೊಮ್ಮೆ ಮಿಂಚಿ ಮರೆಯಾಗುವ ಬೆಳಕು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ದೊಡ್ಡ ಹಡಗುಗಳು ಉಪಗ್ರಹಗಳ ನೆರವಿನಿಂದ ತಮ್ಮ ಸ್ಥಾನವನ್ನು ಅರಿಯುವ ಈ ದಿನಗಳಲ್ಲಿಯೂ, ಆ ಸಾಧನವು ಕೈಕೊಟ್ಟಾಗ ನೋಡಿಕೊಳ್ಳಲು ಕಣ್ಣಿಗೆ ಕಾಣುವ ಗುರುತೊಂದನ್ನು ನಾವಿಕರು ಬಿಟ್ಟುಕೊಟ್ಟಿಲ್ಲ.

ಭೂಶಿರದ ಮಗ್ಗುಲಲ್ಲಿರುವ ಬೈತಕೋಲದ ಮೀನುಗಾರರ ದೋಣಿಗಳು ಸಂಜೆ ಹೊರಟು ಆ ದೀಪವನ್ನು ಬೆನ್ನಿಗಿರಿಸಿಕೊಂಡು ಹೋಗಿ, ಅದನ್ನೇ ಎದುರಿಗಿರಿಸಿಕೊಂಡು ಹಿಂದಿರುಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿಯಿಡುವ ಕಾಲವೆಂದು ಯಂತ್ರದ ದೋಣಿಗಳಿಗೆ ಸರ್ಕಾರದ ತಡೆಯಿರುವ 61 ದಿನಗಳಲ್ಲಿ, ಅವು ಕಟ್ಟೆಯ ಮಗ್ಗುಲಲ್ಲಿ ಸಾಲಾಗಿ ಕಟ್ಟಿಹಾಕಲ್ಪಟ್ಟಿರುತ್ತವೆ. ಆ ಎರಡು ತಿಂಗಳ ಮಳೆಯ ರಾತ್ರಿಗಳಲ್ಲಿ ದೇವಗಡದ ದೀಪವು, ಕಾರವಾರದ ಯಾವ ದೋಣಿಗೂ ಬೇಡವಾಗಿ, ಮುಂಬಯಿಗೋ ಮಂಗಳೂರಿಗೋ ಹೋಗುವ ಹಡಗುಗಳಿಗಾಗಿ ಮಿಂಚುತ್ತಿರುತ್ತದೆ.